ಗುರುವಿನ ಪುಟ, ನಿನ್ನ ಕತ್ತರಿ

ಮಗೂ, ಝೀನ್ ಮಾಡುತ್ತೇನೆ ಅಂತ ಹೊರಟಿದ್ದೀಯ. ಒಳ್ಳೆಯದಾಗಲಿ. ಕೈಯಾರೆ ಕತ್ತರಿಸಿ, ಅಂಟಿಸಿ, ಜೆರಾಕ್ಸ್ ಮಾಡಿಸಿ, ಮಡಚಿ, ಪಿನ್ನು ಹೊಡೆದು ಗೆಳೆಯರಿಗೆ ಹಂಚುವ ಪುಟ್ಟ ಪತ್ರಿಕೆ ತಾನೆ ಅದು? ನಮ್ಮ ಶಾಲೆ, ಕಾಲೇಜುಗಳಲ್ಲಿ ಕೈಬರಹದ ಪತ್ರಿಕೆ ಅಂತ ಒಂದು ಇರುತ್ತಿತ್ತು. ಅಕ್ಷರ ದುಂಡಗಿದ್ದವರು ಬರೆಯುವುದು, ಚಿತ್ರ ಬಲ್ಲವರು ಮುಖಪುಟ ಮಾಡುವುದು, ಒಂದೇ ಪ್ರತಿ ಕೈಯಿಂದ ಕೈಗೆ ಹೋಗುವುದು. ನಿನ್ನದು ಅದರ ದಾಯಾದಿ. ನಮ್ಮ ಮನೆಯ ಕೆಲಸಕ್ಕೇ ಕೈ ಹಾಕಿದ್ದೀಯ ಎಂಬ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಕೇಳುವಷ್ಟು ಹೊತ್ತು ಫೋನನ್ನು ಆ ಕಡೆ ಇಡು.

ಫೋನಿನ ಮಾತೇ ಮೊದಲು ಬರಲಿ. ನಿನಗೆ ಇಷ್ಟವಾದ ಡಿಸೈನರುಗಳ ಕೆಲಸವನ್ನೆಲ್ಲ ಅದರಲ್ಲಿ ಗುಡ್ಡೆ ಹಾಕಿಕೊಂಡಿದ್ದೀಯ. ಡೇವಿಡ್ ಕಾರ್ಸನ್ ಒಂದು ಕಡೆ, ಜೇಮಿ ರೀಡ್ ಒಂದು ಕಡೆ, ಹಳೇ ಜರ್ಮನಿಯ ಕೊಲಾಜುಗಳು ಮತ್ತೊಂದು ಕಡೆ. ನಿನ್ನ ರುಚಿ ಚೆನ್ನಾಗಿದೆ, ಒಪ್ಪಿದೆ. ಜಪಾನಿನ ಬಣ್ಣದ ಟೇಪು ಬಂತು, ಕಟಿಂಗ್ ಮ್ಯಾಟ್ ಬಂತು, ತರತರದ ಬ್ಲೇಡು ಬಂತು. ಒಂದು ಪುಟ ಮಾತ್ರ ಇನ್ನೂ ಆಗಿಲ್ಲ. ಇದನ್ನೇ ಆರಂಭಶೂರತ್ವ ಅನ್ನುವುದು. ಬೈಯುತ್ತಿಲ್ಲ. ನಿನ್ನ ವಯಸ್ಸಿಗೆ ಉತ್ಸಾಹ ಮೊದಲು ಅಂಗಡಿಗೆ ಓಡುತ್ತದೆ, ಕೆಲಸಕ್ಕೆ ಆಮೇಲೆ ಬರುತ್ತದೆ. ಆದರೆ ನೋಡುನೋಡುತ್ತಲೇ ಹೊಟ್ಟೆ ತುಂಬಿಹೋದರೆ ಮಾಡುವ ಹಸಿವು ಉಳಿಯುವುದಿಲ್ಲ. ಅದೇ ನನಗಿರುವ ಚಿಂತೆ.

ಇದನ್ನು ಹೇಳುವ ಅಧಿಕಾರ ನನಗೆಲ್ಲಿಂದ ಬಂತು ಅಂತೀಯಾ? ನಾನು ಪತ್ರಿಕೆಯ ಪುಟ ಕಟ್ಟಿ ಹೊಟ್ಟೆ ಹೊರೆದವನು. ಕಂಪ್ಯೂಟರಿನಲ್ಲೇ ಇಡೀ ಪುಟ ಮುಗಿಸುವ ಕಾಲ ಇನ್ನೂ ಬಂದಿರಲಿಲ್ಲ. ಯಂತ್ರದಿಂದ ಬ್ರೋಮೈಡ್ ಕಾಗದದ ಉದ್ದುದ್ದ ಪಟ್ಟಿಗಳಲ್ಲಿ ಸುದ್ದಿ ಹೊರಬರುತ್ತಿತ್ತು. ಅವನ್ನು ಕಾಲಂ ಅಳತೆಗೆ ಕತ್ತರಿಸಿ, ಬೆನ್ನಿಗೆ ರಬ್ಬರ್ ಸಲ್ಯೂಷನ್ ಹಚ್ಚಿ, ಗೆರೆ ಹಾಕಿದ ದಪ್ಪ ಹಾಳೆಯ ಮೇಲೆ ಕೂರಿಸುತ್ತಿದ್ದೆವು. ಪೇಸ್ಟಿಂಗ್ ಅಂತಲೇ ಆ ವಿಭಾಗದ ಹೆಸರು. ಎರಡು ಗೆರೆ ಹೆಚ್ಚಾದರೆ ಸಂಪಾದಕರ ಹತ್ತಿರ ಓಡಬೇಕು, ಎರಡು ಗೆರೆ ಕಮ್ಮಿಯಾದರೆ ಸಾಲುಗಳ ನಡುವೆ ಬ್ಲೇಡಾಡಿಸಿ ಕೂದಲೆಳೆಯಷ್ಟು ಜಾಗ ಬಿಡಿಸಬೇಕು. ನೀನು ಈಗ ಕಲೆ ಅಂತ ಕರೆಯುವುದು ನಮಗೆ ದಿನದ ಕೂಲಿ. ಅದರಿಂದಲೇ ಒಂದು ಸತ್ಯ ಕೈಗೆ ಹತ್ತಿದೆ. ಒಂದು ಪುಟ ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಪುಟದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮೇಜಿನ ಮೇಲೆ, ಜೇಬಿನಲ್ಲಿ, ಗಡಿಬಿಡಿಯಲ್ಲಿ ಇರುತ್ತದೆ. ನೀನು ಮೆಚ್ಚಿದವರ ಪುಟದ ಚಂದವನ್ನಷ್ಟೇ ಎತ್ತಿಕೊಂಡರೆ ಸಿಪ್ಪೆ ಸಿಕ್ಕಿತು ಅಂತ ಲೆಕ್ಕ.

ಹನ್ನಾ ಹೋಖ್ ನಿನಗೆ ಇಷ್ಟ, ಅಲ್ಲವೇ? ಬರ್ಲಿನ್ನಿನವಳು. 1920ರಲ್ಲಿ ಅಲ್ಲಿ ನಡೆದ ದಾದಾ ಎಂಬ ಕಲಾಪಂಥದ ಪ್ರದರ್ಶನದಲ್ಲಿ ಅವಳ ದೊಡ್ಡ ಕೊಲಾಜು ಇತ್ತು, ಹೆಸರಿನಲ್ಲೇ ಅಡುಗೆಮನೆಯ ಚಾಕು ಇರುವಂಥದು. ಸುಮಾರು 114 ಸೆಂಟಿಮೀಟರ್ ಎತ್ತರ, 90 ಅಗಲ. ರಾಜಕಾರಣಿಗಳು, ಕುಣಿಯುವವರು, ಯಂತ್ರದ ಚಕ್ರ, ಆನೆ, ಎಲ್ಲ ಒಂದರ ಮೈಮೇಲೊಂದು. ಅದರ ಫೋಟೋವನ್ನು ನೀನು ಉಳಿಸಿಕೊಂಡಿದ್ದೀಯ. ಸರಿ, ಅವಳ ಸಂಬಳ ಎಲ್ಲಿಂದ ಬರುತ್ತಿತ್ತು, ಗೊತ್ತೇ? 1916ರಿಂದ 1926ರವರೆಗೆ ಉಲ್‌ಶ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ಕರಕುಶಲ ವಿಭಾಗದಲ್ಲಿ ಅವಳು ನೌಕರಿಯಲ್ಲಿದ್ದಳು. ಹೆಂಗಸರ ಪತ್ರಿಕೆಗಳಿಗೆ ಕಸೂತಿಯ, ಲೇಸಿನ ನಮೂನೆ ಬರೆದುಕೊಡುವ ಕೆಲಸ. ಚಿತ್ರಗಳು ತುಂಬಿದ ವಾರಪತ್ರಿಕೆಗಳನ್ನು ಅದೇ ಸಂಸ್ಥೆ ಅಚ್ಚು ಹಾಕುತ್ತಿತ್ತು. ಅವಳ ಕತ್ತರಿಗೆ ಬೇಕಾದ ಕಾಗದ ಅವಳ ಸುತ್ತಲೇ ಇತ್ತು, ಅಳತೆ ನೋಡಿ ಕತ್ತರಿಸುವ ಕೈ ನೌಕರಿಯಲ್ಲೇ ಪಳಗಿತ್ತು. ಆ ಪ್ರದರ್ಶನಕ್ಕೆ ಅವಳು ಬೇಡವೆಂದು ಜತೆಯ ಗಂಡಸರಲ್ಲೇ ಕೆಲವರು ಹಟ ಹಿಡಿದಿದ್ದರು. ಅವಳು ತನ್ನ ಕೆಲಸ ತೂಗುಹಾಕಿದಳು. ನಾತ್ಸಿಗಳ ಕಾಲದಲ್ಲಿ ಊರಂಚಿನ ಹೈಲಿಗೆನ್‌ಸೇ ಎಂಬಲ್ಲಿ ಒಂದು ಪುಟ್ಟ ಮನೆ ಹಿಡಿದು, ಸರ್ಕಾರದ ಕಣ್ಣಿಗೆ ಬೀಳದಂತೆ ತನ್ನ ಮತ್ತು ಗೆಳೆಯರ ಕಾಗದಪತ್ರಗಳನ್ನೆಲ್ಲ ಅಡಗಿಸಿ ಕಾಪಾಡಿದಳು. ಆ ಪಂಥದ ಎಷ್ಟೋ ಚೂರುಗಳು ಇವತ್ತು ಉಳಿದಿದ್ದರೆ ಅದರಲ್ಲಿ ಅವಳ ಪಾಲು ದೊಡ್ಡದು.

ಈಗ ಹೇಳು. ಅವಳಿಂದ ನೀನು ಕಲಿಯಬೇಕಾದ್ದು ಏನು? ದೊಡ್ಡ ತಲೆಗೆ ಸಣ್ಣ ಮೈ ಅಂಟಿಸುವುದೇ? ಅದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮಾಡುತ್ತಾರೆ. ತನ್ನ ದಿನದ ಕೆಲಸಕ್ಕೆ ಬಂದ ಕಾಗದವನ್ನೇ ತನ್ನ ಮಾತಾಗಿ ತಿರುಗಿಸಿಕೊಂಡಳಲ್ಲ, ಅದನ್ನು ಕಲಿ. ನೀನು ಇಂಟರ್‌ನೆಟ್ಟಿನಿಂದ 1920ರ ಬರ್ಲಿನ್ನಿನ ಮುಖಗಳನ್ನು ಇಳಿಸಿ, ಪ್ರಿಂಟು ಹಾಕಿಸಿ, ಮತ್ತೆ ಕತ್ತರಿಸಿ ಅಂಟಿಸಿದರೆ ಅದು ಅವಳ ಸಂಬಳದ ಮೇಲೆ ನೀನು ಬದುಕಿದ ಹಾಗೆ. ನಿನ್ನ ಮನೆಗೆ ಏನು ಬರುತ್ತದೆ ನೋಡು. ಲಗ್ನಪತ್ರಿಕೆ, ದಿನಸಿ ಅಂಗಡಿಯ ಚೀಟಿ, ಊದುಬತ್ತಿಯ ಪೊಟ್ಟಣ, ಬೆಂಕಿಪೊಟ್ಟಣದ ಮೇಲಿನ ಚಿತ್ರ, ಜವಳಿ ಅಂಗಡಿಯ ಚೀಲ, ಕಳೆದ ವರ್ಷದ ಪಂಚಾಂಗ, ಗೋಡೆ ಕ್ಯಾಲೆಂಡರಿನ ಹರಿದ ಹಾಳೆ, ಔಷಧಿಯ ಜತೆ ಬರುವ ಇರುವೆ ಸಾಲಿನಂಥ ಅಕ್ಷರದ ಕಾಗದ. ಇನ್ನೂ ಬೇಕಾದರೆ ಹಳೇ ಪೇಪರ್ ಅಂಗಡಿಗೆ ಹೋಗು. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯ ಮುಂದೆ ಅರ್ಧ ದಿನ ಕೂತುಕೋ. ತೂಕದ ಲೆಕ್ಕದಲ್ಲಿ ಸಿಗುವ ಕಾಗದದಲ್ಲಿ ನಿನ್ನ ಊರಿನ ಬಣ್ಣವೆಲ್ಲ ಇದೆ.

ಕುರ್ಟ್ ಶ್ವಿಟರ್ಸ್ ಮಾಡಿದ್ದೂ ಇದನ್ನೇ. ಹ್ಯಾನೋವರಿನವನು. ಟ್ರಾಮಿನ ಟಿಕೇಟು, ಪೊಟ್ಟಣದ ಚೂರು, ಬೀದಿಯಲ್ಲಿ ಬಿದ್ದ ರಸೀದಿ, ಇವೇ ಅವನ ಬಣ್ಣದ ಪೆಟ್ಟಿಗೆ. 1923ರಿಂದ 1932ರವರೆಗೆ ಮೆರ್ಜ್ ಎಂಬ ಪತ್ರಿಕೆಯನ್ನೂ ಹೊರಡಿಸಿದ. 1937ರಲ್ಲಿ ದೇಶ ಬಿಟ್ಟು ನಾರ್ವೆಗೆ, 1940ರಲ್ಲಿ ಅಲ್ಲಿಂದಲೂ ಓಡಿ ಬ್ರಿಟನ್ನಿಗೆ. ಅಲ್ಲಿ ಅವನನ್ನು ಐಲ್ ಆಫ್ ಮ್ಯಾನ್ ದ್ವೀಪದ ಬಂಧನ ಶಿಬಿರದಲ್ಲಿಟ್ಟರು. ಸಾಮಾನು ಸಿಗದಿದ್ದಾಗ ಊಟದ ಗಂಜಿಯಿಂದಲೇ ಆಕೃತಿ ಮಾಡಿದನಂತೆ, ಅವು ಬೂಷ್ಟು ಹಿಡಿದು ನಾತ ಹೊಡೆಯುತ್ತಿದ್ದುವಂತೆ. ನಿನಗೆ ಕಟಿಂಗ್ ಮ್ಯಾಟಿನ ಬಣ್ಣ ಸರಿಯಿಲ್ಲ ಅಂತ ಕೆಲಸ ನಿಂತಿದೆ!

ಅವನನ್ನು ನೋಡಿ ನೀನೂ ಬಸ್ ಟಿಕೇಟು ಕೂಡಿಡುತ್ತಿದ್ದೀಯ. ಜಾಣತನವೇ. ಆದರೆ ಒಂದು ವಿಷಯ ಗಮನಿಸು. ಅವನ ಟಿಕೇಟು ಮಸಿಯಲ್ಲಿ ಅಚ್ಚಾದದ್ದು, ಇವತ್ತಿಗೂ ಮ್ಯೂಸಿಯಂನಲ್ಲಿ ಓದಲು ಸಿಗುತ್ತದೆ. ನಿನ್ನ ಕಂಡಕ್ಟರು ಮಷಿನ್ನಿನಿಂದ ಹರಿದುಕೊಡುವ ಚೀಟಿ ಥರ್ಮಲ್ ಕಾಗದ. ಅದರಲ್ಲಿ ಮಸಿಯೇ ಇಲ್ಲ, ಶಾಖಕ್ಕೆ ಕಪ್ಪಾಗುವ ಲೇಪನ ಅಷ್ಟೇ. ಕೆಲವು ತಿಂಗಳಿಗೆ ಅಕ್ಷರ ಮಾಸಿ ಬಿಳಿ ಕಾಗದ ಉಳಿಯುತ್ತದೆ. ಸುಕ್ಕು ಹೋಗಲಿ ಅಂತ ಇಸ್ತ್ರಿ ಪೆಟ್ಟಿಗೆ ಇಟ್ಟೀಯೆ, ಪೂರ್ತಿ ಕಪ್ಪಾಗಿ ಕೂರುತ್ತದೆ. ಎಟಿಎಂ ಚೀಟಿಗೂ ಇದೇ ಗತಿ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸು, ಪುಟಕ್ಕೆ ಆ ಜೆರಾಕ್ಸನ್ನು ಅಂಟಿಸು. ಮನೆಯ ಹಳೇ ಫೋಟೋ, ಅಜ್ಜಿಯ ಕೈಬರಹದ ಕಾಗದ, ಅಪ್ಪ ಅಮ್ಮನ ಲಗ್ನಪತ್ರಿಕೆ, ಇವಕ್ಕೂ ಹೀಗೆಯೇ ಮಾಡು. ಮೂಲಕ್ಕೆ ಕತ್ತರಿ ತಾಗಬಾರದು. ಗ್ರಂಥಾಲಯದ ಪುಸ್ತಕಕ್ಕಂತೂ ಕನಸಿನಲ್ಲೂ ಬೇಡ. ನಾಳೆ ಬರುವ ಓದುಗನ ಅನ್ನದಲ್ಲಿ ಕಲ್ಲು ಹಾಕಿ ಮಾಡುವ ಕಲೆ ಯಾರಿಗೆ ಬೇಕು?

ಈಗ ಜೇಮಿ ರೀಡ್ ವಿಷಯಕ್ಕೆ ಬರೋಣ. ನಿನ್ನ ಪ್ರೀತಿಯೆಲ್ಲ ಅವನ ಮೇಲೆಯೇ ಅಂತ ಬಲ್ಲೆ. 1977ರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಸಂಗೀತ ತಂಡದ ಹಾಡಿನ ತಟ್ಟೆಯ ಹೊದಿಕೆಗೆ ಇಂಗ್ಲೆಂಡಿನ ರಾಣಿಯ ಕಣ್ಣು, ಬಾಯಿಯ ಮೇಲೆ ಹರಿದ ಪಟ್ಟಿ ಎಳೆದು, ಪತ್ರಿಕೆಯಿಂದ ಕತ್ತರಿಸಿದಂಥ ಬಿಡಿ ಅಕ್ಷರಗಳಲ್ಲಿ ಹೆಸರು ಜೋಡಿಸಿದ. ಅದಕ್ಕೂ ಮುಂಚೆ, 1970ರಿಂದ, ಲಂಡನ್ನಿನ ಅಂಚಿನ ಕ್ರಾಯ್ಡನ್ನಿನಲ್ಲಿ ಸಬರ್ಬನ್ ಪ್ರೆಸ್ ಎಂಬ ಸಣ್ಣ ಮುದ್ರಣಾಲಯ ನಡೆಸುತ್ತಿದ್ದ. ಅಕ್ಷರ ಜೋಡಿಸಲು ಕಾಸಿಲ್ಲ, ಪತ್ರಿಕೆಯಿಂದ ಕತ್ತರಿಸಿದರೆ ಪುಕ್ಕಟೆ. ಅವನ ಶೈಲಿ ಹುಟ್ಟಿದ್ದು ಆ ಬಡತನದಲ್ಲಿ. 2023ರಲ್ಲಿ ತೀರಿಕೊಂಡ.

ನೀನು ಅದನ್ನೇ ಕನ್ನಡದಲ್ಲಿ ಮಾಡುತ್ತೇನೆ ಅಂತ ಕೂತರೆ ಏನಾಗುತ್ತದೆ ಅಂತ ನನ್ನ ಬಾಯಲ್ಲಿ ಕೇಳು. ಇಂಗ್ಲಿಷಿನಲ್ಲಿ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ 52. ಯಾವುದನ್ನು ಯಾವುದರ ಪಕ್ಕ ಇಟ್ಟರೂ ಕೂರುತ್ತದೆ. ಕನ್ನಡಕ್ಕೆ ಕಾಗುಣಿತ ಇದೆ, ಒತ್ತು ಇದೆ. 'ಸ್ವಾತಂತ್ರ್ಯ' ಅಂತ ಜೋಡಿಸಲು ಹೊರಡು. 'ಸ್ವಾ' ಒಂದು ಕಡೆ ಸಿಕ್ಕೀತು, 'ತಂ' ಸಿಕ್ಕೀತು. 'ತ್ರ್ಯ'? ಒಂದು ತ, ಅದರ ಕೆಳಗೆ ರ ಒತ್ತು, ಅದರ ಜತೆಗೆ ಯ ಒತ್ತು. ಇಡೀ ವಾರದ ಪತ್ರಿಕೆ ಜಾಲಾಡಿದರೂ ಅದು ಹೆಚ್ಚಾಗಿ ಸಿಗುವುದು ಸ್ವಾತಂತ್ರ್ಯ ಎಂಬ ಪದದಲ್ಲೇ. ಸಿಕ್ಕಮೇಲೆ ಅಕ್ಷರ ಬಿಡಿಸಿ ಕತ್ತರಿಸುವ ಕೆಲಸ ಏನು ಬಂತು?

ಇನ್ನೊಂದು ಕಷ್ಟ ಕೇಳು. ಕ ಅಕ್ಷರಕ್ಕೆ ಗುಡಿಸು ಅಂಟಿಸಿ ಕಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಕ ತಲೆಯ ಮೇಲೆ ತಲಕಟ್ಟು ಇದೆ. ಅದನ್ನು ಬ್ಲೇಡಿನಿಂದ ಕೆತ್ತಿ ತೆಗೆಯದೆ ಗುಡಿಸು ಕೂರುವುದಿಲ್ಲ. ಆದರೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುವ ದೀರ್ಘ ನಿನ್ನ ಗೆಳೆಯ. ಅರ್ಕಾವತ್ತೂ ಹಾಗೆಯೇ, ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಕೆಳಗಿನ ಒತ್ತನ್ನೂ ಬೇರೆ ಮಾಡಿ ಕೂರಿಸಬಹುದು, ಕೈ ನಡುಗದಿದ್ದರೆ. ಪ ಇದ್ದು ಫ ಬೇಕಾದರೆ, ದ ಇದ್ದು ಧ ಬೇಕಾದರೆ ಕೆಳಗೆ ಕಪ್ಪು ಪೆನ್ನಿನಲ್ಲಿ ಒಂದು ಸಣ್ಣ ಗೀಟು ಸಾಕು. ಪೇಸ್ಟಿಂಗ್ ಮೇಜಿನಲ್ಲಿ ರಾತ್ರಿ ಪುಟ ಹೊರಡುವ ಹೊತ್ತಿಗೆ ತಪ್ಪು ಕಂಡರೆ ಮತ್ತೆ ಬ್ರೋಮೈಡ್ ತೆಗೆಸಲು ವ್ಯವಧಾನ ಎಲ್ಲಿ? ಹಾಳಾದ ಪಟ್ಟಿಯಿಂದ ಒಂದೇ ಒಂದು ಒತ್ತನ್ನು ಕತ್ತರಿಸಿ, ಬ್ಲೇಡಿನ ತುದಿಯಲ್ಲಿ ಎತ್ತಿ, ಉಸಿರು ಹಿಡಿದು ಕೂರಿಸುತ್ತಿದ್ದೆವು. ಉಸಿರು ಬಿಟ್ಟರೆ ಅದು ಹಾರಿಹೋಗುತ್ತಿತ್ತು. ಈಗಲೂ ಆ ಕೆಲಸ ಮಾಡಲು ಬಲ್ಲವರ ಕೈ ಕಂಡರೆ ನನಗೆ ಗೌರವ.

ಹೀಗಾಗಿ ನನ್ನ ತೀರ್ಪು ಇದು. ಕನ್ನಡದಲ್ಲಿ ಬಿಡಿ ಅಕ್ಷರದ ಜೋಡಣೆಗಿಂತ ಇಡೀ ಪದದ ಜೋಡಣೆ ಚೆಂದ. ಒಂದು ಪದ ದಿನಪತ್ರಿಕೆಯ ಶೀರ್ಷಿಕೆಯಿಂದ, ಒಂದು ಪದ ಸಿನಿಮಾ ಜಾಹೀರಾತಿನಿಂದ, ಒಂದು ಪದ ಲಗ್ನಪತ್ರಿಕೆಯಿಂದ ಬರಲಿ. ಕತ್ತರಿಸುವಾಗ ಕೆಳಗೆ ಧಾರಾಳವಾಗಿ ಜಾಗ ಬಿಡು. ಇಲ್ಲದಿದ್ದರೆ ಒತ್ತಕ್ಷರದ ಕಾಲು ಕತ್ತರಿಗೆ ಹೋಗುತ್ತದೆ. ಕಾಲು ಕಳೆದುಕೊಂಡ ಪದ ಕೆಟ್ಟುಹೋಗುತ್ತದೆ. 'ಹಳ್ಳ'ದ ಒತ್ತು ಹೋದರೆ 'ಹಳ', ಅರ್ಥವೇ ಇಲ್ಲ. ಈ ತೊಡಕನ್ನು ತೊಡಕು ಅಂದುಕೊಳ್ಳಬೇಡ. ರೀಡ್‌ಗೆ ಇಲ್ಲದ್ದು ಇದು, ನಿನಗೆ ಮಾತ್ರ ಇರುವುದು. ಸತ್ಯಜಿತ್ ರಾಯ್ ಸಿನಿಮಾಗಳನ್ನು ನೋಡಿದ್ದೀಯ, ಅವರ ಮುಖಪುಟಗಳನ್ನು ನೋಡಿದ್ದೀಯಾ? ಎಕ್ಷಣ್ ಎಂಬ ಬಂಗಾಳಿ ಸಾಹಿತ್ಯ ಪತ್ರಿಕೆಗೆ ವರ್ಷಗಟ್ಟಲೆ ಮುಖಪುಟ ಮಾಡಿದರು. ಹೆಸರಿನಲ್ಲಿರುವುದು ಮೂರೇ ಅಕ್ಷರ, ನಡುವಿನದು ಕ್ಷ, ನಮ್ಮದರ ಹಾಗೆ ಒತ್ತಿರುವುದು. ಆ ಮೂರನ್ನೇ ಹಿಗ್ಗಿಸಿ, ಬಗ್ಗಿಸಿ, ಒಡೆದು, ಕೂಡಿಸಿ ಸಂಚಿಕೆ ಸಂಚಿಕೆಗೆ ಹೊಸ ಮುಖ ಕೊಟ್ಟರು. ನಿನ್ನ ಗುರುಗಳ ಪಟ್ಟಿಯಲ್ಲಿ ಅವರ ಹೆಸರೂ ಸೇರಲಿ. ನಮ್ಮ ಲಿಪಿಯ ಕಷ್ಟ ಬಲ್ಲ ಗುರು ಒಬ್ಬರಾದರೂ ಇರಬೇಕು.

ಡೇವಿಡ್ ಕಾರ್ಸನ್ ಬಗ್ಗೆ ಒಂದೇ ಮಾತು. 1994ರಲ್ಲಿ ರೇ ಗನ್ ಪತ್ರಿಕೆಯಲ್ಲಿ ಒಂದು ಸಂದರ್ಶನ ನೀರಸವಾಗಿದೆ ಅನ್ನಿಸಿ ಅದನ್ನು ಪೂರ್ತಿಯಾಗಿ ಚಿಹ್ನೆಗಳ ಫಾಂಟಿನಲ್ಲಿ ಹಾಕಿದ. ಒಂದಕ್ಷರ ಓದಲು ಬರುವಂತಿರಲಿಲ್ಲ. ಆ ಕತೆಯನ್ನು ನೀನು ಎಲ್ಲರಿಗೂ ಹೇಳುತ್ತೀಯ. ಅದೇ ಸಂಚಿಕೆಯ ಹಿಂಬದಿಯಲ್ಲಿ ಆ ಸಂದರ್ಶನ ಓದಬಲ್ಲ ಅಕ್ಷರದಲ್ಲೂ ಇತ್ತು ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಪುಟವನ್ನು ಕಲಸುವ ಮುಂಚೆ, ನೆಟ್ಟಗೆ ಓದಿಸಿಕೊಳ್ಳುವ ಒಂದು ಪುಟ ಮಾಡಿ ತೋರಿಸು. ಆಮೇಲೆ ಎಷ್ಟು ಬೇಕಾದರೂ ಕಲಸು, ನಾನು ತುಟಿ ಬಿಚ್ಚುವುದಿಲ್ಲ.

ಹಾಗಾದರೆ ಮೆಚ್ಚಿದವರಿಂದ ಕಲಿಯುವುದು ಹೇಗೆ? ನಾನು ಮಾಡಿ ನೋಡಿದ ದಾರಿ ಹೇಳುತ್ತೇನೆ. ಒಬ್ಬರನ್ನು ಆರಿಸಿಕೋ, ಒಬ್ಬರನ್ನೇ. ಅವರ ಒಂದೇ ಪುಟ ತೆಗೆದುಕೋ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪೆನ್ಸಿಲಿನಲ್ಲಿ ಬರೀ ಚೌಕ, ಗೆರೆ ಎಳೆ. ಚಿತ್ರ ಬರೆಯಬೇಡ. ದೊಡ್ಡದು ಎಲ್ಲಿದೆ, ಚಿಕ್ಕದು ಎಲ್ಲಿದೆ, ಅಕ್ಷರ ಯಾವ ಅಂಚಿಗೆ ಒರಗಿದೆ, ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ನೋಡು. ಖಾಲಿ ಜಾಗಕ್ಕೆ ಅಡ್ಡಗೆರೆ ಹೊಡೆದು ತುಂಬಿಸು. ನಿನಗೇ ಬೆರಗಾಗುತ್ತದೆ, ಗಿಜಿಗಿಜಿ ಅನ್ನಿಸಿದ್ದ ಪುಟದಲ್ಲೂ ಸುಮಾರು ಜಾಗ ಖಾಲಿಯೇ ಇರುತ್ತದೆ. ಆಮೇಲೆ ಮೂಲ ಪುಟವನ್ನು ಬೋರಲು ಹಾಕಿ ಬೀರುವಿನಲ್ಲಿಡು. ನಿನ್ನ ಮನೆಯ ಕಾಗದದಿಂದ, ನಿನ್ನ ವಿಷಯಕ್ಕೆ, ಆ ಚೌಕಗಳ ಮೇಲೆ ಪುಟ ಕಟ್ಟು. ಅರ್ಧ ದಾರಿಯಲ್ಲಿ ಚೌಕ ಸಾಲುವುದಿಲ್ಲ ಅನ್ನಿಸುತ್ತದೆ, ಕಿತ್ತು ಬೇರೆ ಕಡೆ ಇಡುತ್ತೀಯ. ಅಲ್ಲಿಂದಾಚೆಗಿನದು ನಿನ್ನ ಕೆಲಸ.

ಪಾಲ್ ರ್‍ಯಾಂಡ್ ಎಂಬ ಡಿಸೈನರ್ 1940ರ ಡಿಸೆಂಬರಿನಲ್ಲಿ ಡೈರೆಕ್ಷನ್ ಎಂಬ ಪತ್ರಿಕೆಗೆ ಮಾಡಿದ ಮುಖಪುಟವನ್ನು ಇದಕ್ಕೆ ಆರಿಸಿಕೊಂಡರೆ ನನಗೆ ಖುಷಿ. ಕ್ರಿಸ್‌ಮಸ್ ತಿಂಗಳು, ಯುರೋಪಿನಲ್ಲಿ ಯುದ್ಧ. ಉಡುಗೊರೆಯ ಪೊಟ್ಟಣಕ್ಕೆ ರಿಬ್ಬನ್ ಕಟ್ಟುವಂತೆ ಪುಟಕ್ಕೆ ಅಡ್ಡ ಉದ್ದ ಮುಳ್ಳುತಂತಿ ಕಟ್ಟಿದ. ಅಲ್ಲಲ್ಲಿ ಕೆಂಪು ಚುಕ್ಕೆ. ಅವು ಕಚೇರಿಯಲ್ಲಿ ಫೈಲಿಗೆ ತೂತು ಹೊಡೆಯುವ ಪಂಚಿನಿಂದ ಬಿದ್ದ ಕಾಗದದ ಬಿಲ್ಲೆಗಳು. ಹಬ್ಬದ ಬಣ್ಣ ಅಂತ ನೋಡಿದವನಿಗೆ ಎರಡನೇ ಸಲ ರಕ್ತ ಕಾಣುತ್ತದೆ. ಆ ಪತ್ರಿಕೆ ಅವನಿಗೆ ಕಾಸು ಕೊಡುತ್ತಿರಲಿಲ್ಲ, ಮನಸ್ಸು ಬಂದಂತೆ ಮಾಡುವ ಸ್ವಾತಂತ್ರ್ಯ ಕೊಟ್ಟಿತ್ತು. ಆಗ ಅವನಿಗೆ 26 ವರ್ಷ. ಎರಡೇ ಸಾಮಾನಿನಲ್ಲಿ ಒಂದು ಮಾತನ್ನು ಹೀಗೆ ಮುಗಿಸಿದ್ದನ್ನು ನೋಡಿದ ಮೇಲೂ ಪುಟದ ಮೂಲೆ ಮೂಲೆಗೆ ಹೂವು, ಚಿಟ್ಟೆ ಅಂಟಿಸುವ ಚಪಲ ಉಳಿದರೆ ಬಂದು ನನಗೆ ಹೇಳು.

ಕೈಕೆಲಸದ ಮಾತು ಸ್ವಲ್ಪ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ಹೆಚ್ಚಾಗಿ ಕಾಣುವುದು ಅಂಟಿನಲ್ಲಿ. ನೀನು ಅಂಟನ್ನು ಪುಟಕ್ಕೆ ಸುರಿಯುತ್ತೀಯ. ಕಾಗದ ನೆನೆದು ಉಬ್ಬುತ್ತದೆ, ಒಣಗಿದಾಗ ಸುಕ್ಕು. ಚೂರನ್ನು ರದ್ದಿ ಪೇಪರಿನ ಮೇಲೆ ಬೋರಲು ಹಾಕು. ನಡುವಿನಿಂದ ಅಂಚಿನ ಕಡೆಗೆ ತೆಳ್ಳಗೆ ಹಚ್ಚು. ಪುಟದ ಮೇಲಿಟ್ಟು, ಮೇಲೊಂದು ಶುಭ್ರವಾದ ಹಾಳೆ ಹರಡಿ ಅಂಗೈಯಿಂದ ಒತ್ತು. ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಡು. ಹಳೇ ಬೈಂಡಿಂಗಿನವರು ಮೈದಾ ಅಂಟು ಕಾಯಿಸಿ ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ನಿನ್ನ ಅಡುಗೆಮನೆಯಲ್ಲಿ ಬೇಡ. ಅಂಗಡಿಯ ಕಡ್ಡಿ ಅಂಟು ಸಾಕು. ಬ್ಲೇಡಿಗೆ ಉಕ್ಕಿನ ಸ್ಕೇಲೇ ಬೇಕು. ಪ್ಲಾಸ್ಟಿಕ್ ಸ್ಕೇಲನ್ನು ಬ್ಲೇಡು ತಿಂದುಹಾಕಿ ಬೆರಳಿಗೆ ಬರುತ್ತದೆ. ಕೈಯಲ್ಲಿ ಹರಿಯುವುದನ್ನೂ ಕಲಿ. ದಿನಪತ್ರಿಕೆ ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಎಲ್ಲೆಲ್ಲೋ ಹೋಗುತ್ತದೆ. ಕಾಗದದ ನಾರು ಹಾಗೆ ಮಲಗಿರುತ್ತದೆ. ಬಣ್ಣದ ಪುಟವನ್ನು ನಿನ್ನ ಕಡೆಗೆ ಎಳೆದು ಹರಿದರೆ ಒಂದು ಚೂರಿಗೆ ಬಿಳಿ ಅಂಚು ಬರುತ್ತದೆ. ಆ ಅಂಚು ಎಷ್ಟೋ ಸಲ ನಿನ್ನ ದುಬಾರಿ ಟೇಪಿಗಿಂತ ಚಂದ.

ಮೊದಲ ಸಂಚಿಕೆ ಎಂಟು ಪುಟ ಮೀರದಿರಲಿ. ಒಂದೇ ಎ4 ಹಾಳೆ ಸಾಕು. ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಮನೆ. ಅಡ್ಡಕ್ಕೆ ಒಂದು ಸಲ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆ ಸಿಗುವ ತನಕ ಕತ್ತರಿಸು. ಬಿಚ್ಚಿ, ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದರೆ ಪುಸ್ತಕ ಆಗಿ ನಿಲ್ಲುತ್ತದೆ. ಪಿನ್ನೂ ಬೇಡ. ಒಂದೊಂದು ಪುಟ 74 ಮಿಲಿಮೀಟರ್ ಅಗಲ, 105 ಎತ್ತರ, ಅಂಗಿಯ ಜೇಬಿಗೆ ಹಿಡಿಸುತ್ತದೆ. ಅಂಟಿಸುವ ಮುಂಚೆ ಖಾಲಿ ಹಾಳೆಯಲ್ಲಿ ಒಂದು ಡಮ್ಮಿ ಮಾಡಿ, ಪುಟಸಂಖ್ಯೆ ಬರೆದು, ಬಿಚ್ಚಿ ನೋಡು. ಒಂದು ಸಾಲಿನ ಪುಟಗಳು ತಲೆಕೆಳಗಾಗಿ ಇರುತ್ತವೆ. ಡಮ್ಮಿ ಇಲ್ಲದೆ ಹೊರಟವರ ಅರ್ಧ ಪತ್ರಿಕೆ ಶೀರ್ಷಾಸನ ಹಾಕಿರುತ್ತದೆ. ಮುಂದೆ 16 ಪುಟದ್ದು ಮಾಡುವಾಗ ನಾಲ್ಕು ಹಾಳೆಯ ನಡುಮಡಿಕೆಗೆ ಪಿನ್ನು ಹೊಡೆಯಬೇಕು. ಅಲ್ಲಿ ಬಿಚ್ಚಿದ ಹಾಳೆಯ ಒಂದೇ ಮುಖದಲ್ಲಿ ಅಕ್ಕಪಕ್ಕ ಕೂರುವ ಪುಟಗಳನ್ನು ಕೂಡಿದರೆ ಯಾವಾಗಲೂ 17 ಬರಬೇಕು. ಒಂದರ ಪಕ್ಕ 16, ಎರಡರ ಪಕ್ಕ 15. ಪ್ರೆಸ್ಸಿನವರು ಬೆರಳ ತುದಿಯಲ್ಲಿ ಇಟ್ಟುಕೊಳ್ಳುವ ಲೆಕ್ಕ ಇದು.

ಜೆರಾಕ್ಸ್ ಅಂಗಡಿಯವರ ಜತೆ ಸ್ನೇಹ ಬೆಳೆಸು. ಶಾಲೆ ಬಿಡುವ ಹೊತ್ತಿಗೆ, ಅರ್ಜಿ ತುಂಬುವ ಗಡುವಿನ ದಿನ ಹೋಗಬೇಡ. ಅಂಗಡಿ ಖಾಲಿ ಇರುವಾಗ ಹೋಗಿ, ಸ್ವಲ್ಪ ಗಾಢವಾಗಿ ಒಂದು, ಸ್ವಲ್ಪ ತೆಳುವಾಗಿ ಒಂದು ತೆಗೆಸಿ ನೋಡು. ಕಪ್ಪುಬಿಳುಪಿನಲ್ಲಿ ಕೆಂಪು ಬಣ್ಣ ಕಪ್ಪಾಗುತ್ತದೆ, ತಿಳಿನೀಲಿ ಬಹುಮಟ್ಟಿಗೆ ಮಾಯವಾಗುತ್ತದೆ. ನಾವು ಪುಟದ ಗೆರೆಗಳನ್ನು ತಿಳಿನೀಲಿಯಲ್ಲಿ ಎಳೆಯುತ್ತಿದ್ದುದು ಅದಕ್ಕೇ, ಕ್ಯಾಮೆರಾಕ್ಕೆ ಅದು ಕಾಣುತ್ತಿರಲಿಲ್ಲ. ಅಂಟಿಸಿದ ಚೂರಿನ ಅಂಚು ನೆರಳಾಗಿ ಬಂದರೆ ಅಂಚಿಗೆ ವೈಟ್ನರ್ ಎಳೆ, ಅಥವಾ ಆ ನೆರಳು ಇರಲಿ ಅಂತ ಬಿಡು. ನಾನಾದರೆ ಬಿಡುತ್ತೇನೆ. ಹಾಳೆಯ ಸುತ್ತ ಐದಾರು ಮಿಲಿಮೀಟರ್ ಜಾಗ ಮಷಿನ್ನಿಗೆ ಎಟಕುವುದಿಲ್ಲ, ಅಲ್ಲಿ ಮುಖ್ಯವಾದದ್ದು ಇಡಬೇಡ.

ಮುಗಿಸುವುದು ದೊಡ್ಡ ಗುಣ ಮಗೂ, ಪ್ರತಿಭೆಗಿಂತ ದೊಡ್ಡದು. 1976ರ ಜುಲೈಯಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ, 19 ವರ್ಷದ ಹುಡುಗ, ಟೈಪ್‌ರೈಟರಿನಲ್ಲಿ ಕುಟ್ಟಿ, ಶೀರ್ಷಿಕೆಗಳನ್ನು ಸ್ಕೆಚ್ ಪೆನ್ನಿನಲ್ಲಿ ಗೀಚಿ, ಸ್ನಿಫಿನ್ ಗ್ಲೂ ಎಂಬ ಝೀನ್ ತಂದ. ಪ್ರತಿಗಳು ಐವತ್ತರ ಆಸುಪಾಸು. ಪುಟಗಳಲ್ಲಿ ಕಾಟು, ಕಾಗುಣಿತದ ತಪ್ಪು ಎಲ್ಲ ಇದ್ದುವು. ಅವನಿಗೆ ಇಷ್ಟವಾದ ಸಂಗೀತದ ಬಗ್ಗೆ ಬೇರೆ ಯಾರೂ ಸರಿಯಾಗಿ ಬರೆಯುತ್ತಿರಲಿಲ್ಲ, ತಾನೇ ಬರೆದ. ಮರುವರ್ಷ ಸಾಕು ಅನ್ನಿಸಿದಾಗ ನಿಲ್ಲಿಸಿದ. 1980ರಲ್ಲಿ ಟೆರಿ ಜೋನ್ಸ್ ಶುರು ಮಾಡಿದ ಐ-ಡಿ ಪತ್ರಿಕೆಯೂ ಮೊದಲಿಗೆ ಕೈಯಲ್ಲಿ ಪಿನ್ನು ಹೊಡೆದ ಹಾಳೆಗಳೇ. ಅವನು ಅದಕ್ಕೂ ಮುಂಚೆ ಬ್ರಿಟಿಷ್ ವೋಗ್ ಪತ್ರಿಕೆಯ ಕಲಾ ನಿರ್ದೇಶಕನಾಗಿದ್ದವನು. ಹೊಳೆಯುವ ಕಾಗದ ಸಾಕಾಗಿ ಪಿನ್ನಿಗೆ ಬಂದ. ಇವರಿಬ್ಬರೂ ಯಾರನ್ನೂ ಮೆಚ್ಚಿಸಲು ಕೂತಿರಲಿಲ್ಲ, ಹೇಳುವ ವಿಷಯ ಇತ್ತು. ನಿನಗೇನು ಹೇಳಬೇಕಾಗಿದೆ? ನಿಮ್ಮ ಬೀದಿಯ ಮುಚ್ಚಿಹೋದ ಟಾಕೀಸೋ, ಅಮ್ಮನ ಹೊಲಿಗೆ ಯಂತ್ರವೋ, ಹಾಸ್ಟೆಲ್ಲಿನ ಸಾರೋ? ವಿಷಯ ಚಿಕ್ಕದಿದ್ದಷ್ಟೂ ಒಳ್ಳೆಯದು. ಬರೀ 'ನನ್ನ ಮನಸ್ಸಿನ ಗೊಂದಲ' ಅಂತ ಮಾತ್ರ ಮಾಡಬೇಡ. ಅದು ಎಲ್ಲರಿಗೂ ಇದೆ, ಯಾರಿಗೂ ಓದಲು ಬೇಕಿಲ್ಲ.

ಹತ್ತು ಪ್ರತಿ ತೆಗೆಸು. ಹೊಗಳುವ ಗೆಳೆಯರಿಗೆ ಐದು, ಯಾವ ಪತ್ರಿಕೆಯನ್ನೂ ಮುಟ್ಟದ ಪಕ್ಕದ ಮನೆಯವರಿಗೆ ಒಂದು, ಜೆರಾಕ್ಸ್ ಅಂಗಡಿಗೆ ಒಂದು, ಉಳಿದವು ನಿನ್ನ ಹತ್ತಿರ ಇರಲಿ. ಅಂಗಡಿಯವರು ಯಾವ ಪುಟದಲ್ಲಿ ನಿಂತು ನೋಡುತ್ತಾರೆ ಅಂತ ಗಮನಿಸು. ನಿನ್ನ ಮುಂದಿನ ಸಂಚಿಕೆ ಅಲ್ಲಿಂದ ಶುರು ಮಾಡು.

ಕೊನೆಯ ಪುಟದ ಮೂಲೆಯಲ್ಲಿ ಎರಡು ಸಾಲು ಬರೆ. ಯಾರನ್ನು ನೋಡಿ ಕಲಿತೆ ಎನ್ನುವುದು ಒಂದು. ಗುರುವಿನ ಹೆಸರು ಬಚ್ಚಿಟ್ಟರೆ ಕಳ್ಳತನ, ಹೇಳಿದರೆ ಕಲಿಕೆ. ಊರು, ತಿಂಗಳು, ವರ್ಷ ಇನ್ನೊಂದು. ನಮ್ಮ ಕಾಲದ ಕೈಬರಹದ ಪತ್ರಿಕೆಗಳಲ್ಲಿ ಎಷ್ಟೋ ಅಟ್ಟದ ಮೇಲಿಂದ ಈಗಲೂ ಸಿಗುತ್ತವೆ. ಯಾರದು, ಯಾವಾಗಿನದು ಅಂತ ಹೇಳುವವರೇ ಇಲ್ಲ. ನಿನ್ನದಕ್ಕೆ ಆ ಗತಿ ಬೇಡ.

ಈ ತಿಂಗಳೊಳಗೆ ಮುಗಿಸು. ನನಗೊಂದು ಪ್ರತಿ ತೆಗೆದಿಡು, ಪುಕ್ಕಟೆ ಬೇಡ, ಕಾಸು ಕೊಟ್ಟೇ ತೆಗೆದುಕೊಳ್ಳುತ್ತೇನೆ.